ಸರ್ವರ್‌ನಲ್ಲಿ ಟೈಮ್ ಐದೂವರೆ ಗಂಟೆ ಹಿಂದೆ ಇದೆ, 5:30 ಕೂಡಿಸಿದರೆ ಸಾಕಾ?

ನೀವು ಕೇಳಿದ್ದು ಇಷ್ಟು. ಪೈಥಾನ್‌ನಲ್ಲಿ ಒಂದು ಬುಕಿಂಗ್ ಆ್ಯಪ್ ಬರೆದಿದ್ದೀರಿ. ಮಣಿಪಾಲದ ರೂಮಿನಲ್ಲಿ ಲ್ಯಾಪ್‌ಟಾಪ್ ಸರಿಯಾದ ಟೈಮ್ ತೋರಿಸುತ್ತದೆ, ಸರ್ವರ್‌ಗೆ ಹಾಕಿದ ಮೇಲೆ ಐದೂವರೆ ಗಂಟೆ ಹಿಂದೆ. ಟೈಮ್‌ಡೆಲ್ಟಾದಿಂದ 5:30 ಕೂಡಿಸಿದಿರಿ, ಈಗ ಸರಿ ಕಾಣುತ್ತಿದೆ. ಹೀಗೇ ಬಿಡಬಹುದಾ?

ಬಿಡಬೇಡಿ. ಹೀಗೇ ಬಿಟ್ಟು ತಲೆಬಿಸಿ ಮಾಡಿಕೊಂಡವನು ನಾನು.

ಡೇಟ್‌ಟೈಮ್‌ನ 'ನೌ' ಬರೆದು ಬ್ರಾಕೆಟ್ ಖಾಲಿ ಬಿಟ್ಟರೆ ಅದು ಆ ಯಂತ್ರದ ಗಡಿಯಾರ ನೋಡಿ ಒಂದು ಸಂಖ್ಯೆ ಕೊಡುತ್ತದೆ. ಯಾವ ಊರಿನ ಟೈಮ್ ಅಂತ ಅದರ ಮೇಲೆ ಬರೆದಿರುವುದಿಲ್ಲ. ನಿಮ್ಮ ಲ್ಯಾಪ್‌ಟಾಪ್ ಭಾರತದ ಟೈಮಿನಲ್ಲಿದೆ, ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಟೈಮಿನಲ್ಲಿ ಇರುತ್ತವೆ. 5:30 ಕೂಡಿಸಿದರೂ ಅದು ಹೆಸರಿಲ್ಲದ ಸಂಖ್ಯೆಯೇ. ನಾಳೆ ಅದನ್ನು ಟೈಮ್‌ಸ್ಟ್ಯಾಂಪ್ (1970ರಿಂದ ಎಣಿಸಿದ ಸೆಕೆಂಡುಗಳು) ಮಾಡಲು ಹೋದರೆ ಸರ್ವರ್ ಅದನ್ನು ಯುಟಿಸಿ ಎಂದೇ ನಂಬಿ ಐದೂವರೆ ಗಂಟೆ ಮುಂದಿನ ಹೊತ್ತು ಕೊಡುತ್ತದೆ. ಇತ್ತ ಲ್ಯಾಪ್‌ಟಾಪಿನಲ್ಲಿ ಟೈಮ್ ಈಗ ಮುಂದೆ ಓಡಿರಬೇಕು, ನೋಡಿ. ಅದಕ್ಕೊಂದು 'ಇಫ್' ಹಾಕುತ್ತೀರಿ. ನಾನೂ ಹಾಕಿದ್ದೆ.

ಸರಿಯಾದ ದಾರಿ ಸುಲಭ ಉಂಟು. ಊರೂರಿನ ಟೈಮ್ ಗೊತ್ತಿರುವ ಝೋನ್‌ಇನ್ಫೋ ಎಂಬ ಲೈಬ್ರರಿ ಪೈಥಾನ್ 3.9ರಿಂದ ಜೊತೆಗೇ ಬರುತ್ತದೆ. 'ನೌ' ಬ್ರಾಕೆಟ್ಟಿನೊಳಗೆ 'ಏಷ್ಯಾ/ಕೋಲ್ಕತಾ' ಝೋನ್ ಕೊಡಿ. ಮಂಗಳೂರಿಗೆ ಬೇರೆ ಹೆಸರಿಲ್ಲ, ಇಡೀ ದೇಶಕ್ಕೆ ಇದೊಂದೇ. ಡೇಟಾಬೇಸ್‌ಗೆ ಹಾಕುವಾಗ ಯುಟಿಸಿ ಝೋನ್ ಕೊಟ್ಟು ತೆಗೆದುಕೊಳ್ಳಿ, ತೋರಿಸುವಾಗ ಇಲ್ಲಿನದಕ್ಕೆ ಬದಲಿಸಿ. 'ಯುಟಿಸಿನೌ' ಬಳಸಬೇಡಿ. ಹೆಸರಿನಲ್ಲಿ ಯುಟಿಸಿ ಇದ್ದರೂ ಕೊಡುವುದು ಹೆಸರಿಲ್ಲದ ಟೈಮನ್ನೇ, 3.12ರಿಂದ ಅದನ್ನು ಬಿಡಿ ಎಂದು ಪೈಥಾನೇ ಎಚ್ಚರಿಸುತ್ತದೆ. ವಿಂಡೋಸ್‌ನಲ್ಲಿ ಝೋನ್ ಸಿಗದಿದ್ದರೆ 'ಟಿಝಡ್‌ಡೇಟಾ' ಪ್ಯಾಕೇಜ್ ಪಿಪ್‌ನಿಂದ ಹಾಕಿ. ಇದೇ ಕೆಲಸಕ್ಕೆ ಹಿಂದೆ ಬಳಸುತ್ತಿದ್ದ ಪೈಟಿಝಡ್ ಲೈಬ್ರರಿಯ ಉದಾಹರಣೆಗಳನ್ನು ಸುಮ್ನೆ ಕಾಪಿ ಮಾಡಿದರೆ 5:30ರ ಬದಲು 5:53 ಬರಬಹುದು, ಗಾಬರಿಯಾಗಬೇಡಿ. ಅದು ಕೋಲ್ಕತಾದ ಹಳೇ ಸ್ಥಳೀಯ ಟೈಮ್.

ಇನ್ನು ನನ್ನ ಕಥೆ. ಒಂದು ಯಕ್ಷಗಾನ ಮೇಳದವರಿಗೆ ಹರಕೆ ಆಟಗಳ (ಭಕ್ತರು ಹರಕೆ ಹೊತ್ತು ಆಡಿಸುವ ಪ್ರದರ್ಶನಗಳ) ಡೈರಿಯನ್ನು ಮೊಬೈಲಿನಲ್ಲಿ ಕಾಣುವ ಹಾಗೆ ಮಾಡಿಕೊಟ್ಟಿದ್ದೆ. 'ಇವತ್ತಿನ ಆಟ' ಒತ್ತಿದರೆ ಊರು, ಪ್ರಸಂಗ, ಚೌಕಿಗೆ (ಕಲಾವಿದರು ವೇಷ ಕಟ್ಟುವ ಜಾಗಕ್ಕೆ) ಹೋಗುವ ದಾರಿ. ಸರ್ವರ್ ಯುಟಿಸಿಯಲ್ಲಿತ್ತು, ನಾನು ಗಮನಿಸಿಯೇ ಇರಲಿಲ್ಲ. ಮೇಳಗಳ ವರ್ಷದ ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ ಒಬ್ಬರೂ ದೂರಲಿಲ್ಲ.

ಮಳೆಗಾಲದಲ್ಲಿ ಕೆಲಸವಿಲ್ಲದೆ ಕೋಡ್ ನೋಡುವಾಗ ತಪ್ಪು ಕಂಡಿತು. ಸರ್ವರ್‌ನ ಝೋನ್ ಸರಿ ಮಾಡಿದೆ, ಖುಷಿಯಲ್ಲಿ ಮಲಗಿದೆ. ಮುಂದಿನ ತಿರುಗಾಟ ಶುರುವಾದ ವಾರದಲ್ಲೇ ರಾತ್ರಿ ಒಂದು ಗಂಟೆಗೆ ಫೋನ್. ಎರಡನೇ ಅರ್ಧದಲ್ಲಿ ವೇಷ ಇದ್ದ ಹಿರಿಯ ಕಲಾವಿದರು. "ಎಂತ ಮಾರಾಯ, ನಿನ್ನ ಆ್ಯಪ್ ಕಾರ್ಕಳ ಅಂತ ಹೇಳ್ತದೆ. ಇಲ್ಲಿ ಗದ್ದೆಯಲ್ಲಿ ಒಂದು ನರಪಿಳ್ಳೆ ಇಲ್ಲ!" ಆಟ ಇದ್ದದ್ದು ಬ್ರಹ್ಮಾವರದಲ್ಲಿ. ಕಾರ್ಕಳದ್ದು ಮರುದಿನದ ಆಟ.

ಆದದ್ದು ಇಷ್ಟೇ. ಯುಟಿಸಿಯಲ್ಲಿ ತಾರೀಕು ಬದಲಾಗುವುದು ನಮ್ಮ ಬೆಳಗಿನ 5:30ಕ್ಕೆ. ಇಡೀ ರಾತ್ರಿಯ ಆಟ ಮುಗಿಯುವುದೂ ಹೆಚ್ಚುಕಮ್ಮಿ ಆಗಲೇ. ಚೆಂಡೆ ನಿಲ್ಲುವ ಹೊತ್ತಿಗೆ ಸರ್ವರ್ ದಿನ ಬದಲಿಸುತ್ತಿತ್ತು. ಶನಿವಾರದ ಆಟ ಎಂದರೆ ಭಾನುವಾರ ಬೆಳಗಿನವರೆಗೂ ಶನಿವಾರದ್ದೇ ಅಲ್ವಾ? ಪಂಚಾಂಗದ ದಿನವೂ ಸೂರ್ಯೋದಯಕ್ಕೇ ಶುರು. ನನ್ನ ತಪ್ಪು ಮೇಳದವರಿಗೆ ಸರಿಯಾಗಿತ್ತು, ನಾನು ಸರಿ ಮಾಡಿದ್ದು ಅವರಿಗೆ ತಪ್ಪಾಯಿತು.

ಝೋನ್ ಸರಿ ಮಾಡಿದ್ದನ್ನು ವಾಪಸು ತೆಗೆಯಲಿಲ್ಲ. ಮೇಳದ 'ಇವತ್ತು' ಯಾವಾಗ ಬದಲಾಗಬೇಕು ಎಂದು ಮ್ಯಾನೇಜರ್ ಹತ್ತಿರ ಕೇಳಿದೆ. ಬೆಳಿಗ್ಗೆ ಆರು ಗಂಟೆಗೆ ಅಂದರು. ಈಗಿನ ಭಾರತೀಯ ಟೈಮಿನಿಂದ ಆರು ಗಂಟೆ ಕಳೆದು, ಅದರ ತಾರೀಕು ತೆಗೆದೆ. ಒಂದೇ ಸಾಲು, ಪಕ್ಕದಲ್ಲಿ ಕಾರಣ ಬರೆದ ಕಮೆಂಟ್. ಆ ಫಂಕ್ಷನ್‌ಗೆ 'ಈಗ' ಎಂಬುದನ್ನು ಹೊರಗಿನಿಂದ ಕೊಡುವ ಹಾಗೆ ಮಾಡಿದೆ, ರಾತ್ರಿ ಒಂದು ಗಂಟೆಯ ಟೆಸ್ಟನ್ನು ಮಧ್ಯಾಹ್ನ ಊಟ ಮಾಡಿಕೊಂಡೇ ಓಡಿಸಬಹುದು. ನೀವೂ ಹಾಗೇ ಮಾಡಿ.

ಬುಕಿಂಗ್ ಆ್ಯಪ್ ಅಂದಿರಿ, ಹಾಗಾಗಿ ಇನ್ನೆರಡು ಮಾತು. ಬರೀ ತಾರೀಕು ಬೇಕಾದಲ್ಲಿ ತಾರೀಕನ್ನಷ್ಟೇ ಇಡಿ, ಅದಕ್ಕೆ ರಾತ್ರಿ 12 ಗಂಟೆ ಅಂಟಿಸಬೇಡಿ. ಇಲ್ಲಿ ಶನಿವಾರ ಶುರುವಾಗುವ ರಾತ್ರಿ 12 ಗಂಟೆ ಯುಟಿಸಿಯಲ್ಲಿ ಶುಕ್ರವಾರ 18:30 ಆಗುತ್ತದೆ, ಯಾರೋ ಅದರ ತಾರೀಕನ್ನಷ್ಟೇ ಕತ್ತರಿಸಿ ತೋರಿಸಿದರೆ ಒಂದು ದಿನ ಹಿಂದೆ. ಮತ್ತೆ, ನಮ್ಮ ಕಡೆ ಅರ್ಧ ಬುಕಿಂಗ್ ಗಲ್ಫ್‌ನಿಂದ ಬರುತ್ತದೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಕುವೈತ್ ಮತ್ತು ಕತಾರ್ ಎರಡೂವರೆ. ಅಲ್ಲಿ ಕೂತವರಿಗೆ ಇಲ್ಲಿನ ಕಾರ್ಯಕ್ರಮದ ಟೈಮನ್ನು ಅವರ ಫೋನಿನ ಝೋನಿಗೆ ಬದಲಿಸಿ ತೋರಿಸಬೇಡಿ. ರಾತ್ರಿ 9:30ರ ಆಟ ಎಲ್ಲಿಂದ ನೋಡಿದರೂ 9:30, ಪಕ್ಕದಲ್ಲಿ 'ಭಾರತದ ಸಮಯ' ಎಂದು ಬರೆದರೆ ಸಾಕು. ಹಣ ಯಾವಾಗ ಕಟ್ಟಿದರು ಎಂಬುದನ್ನು ಬೇಕಾದರೆ ಅವರ ಟೈಮಿನಲ್ಲಿ ತೋರಿಸಿ.

ನಿಮ್ಮ ಬುಕಿಂಗ್ ಯಾವುದರದ್ದು ಎಂದು ಬರೆದಿಲ್ಲ. ಮದುವೆ ಹಾಲ್ ಆದರೆ ಇಷ್ಟು ಕಷ್ಟ ಇಲ್ಲ. ಬೆಂಗಳೂರಿನ ರಾತ್ರಿ ಬಸ್ಸಾದರೆ, ಉಡುಪಿಯಲ್ಲಿ ಶನಿವಾರ 11 ಗಂಟೆಗೆ ಹತ್ತುವವರೂ ಮಂಗಳೂರಿನಲ್ಲಿ 12:30ಕ್ಕೆ ಹತ್ತುವವರೂ ಒಂದೇ ಬಸ್ಸು, ತಾರೀಕು ಮಾತ್ರ ಬೇರೆ. ಯಾವುದು ಅಂತ ತಿಳಿಸಿ, ಟೇಬಲ್‌ನಲ್ಲಿ ಯಾವ ಕಾಲಮ್ ಬೇಕೆಂದು ಹೇಳುತ್ತೇನೆ.