ಹಳೆಯ ಕಾರಿನಲ್ಲಿ ಒಂದೇ ಸ್ಪಾರ್ಕ್ ಪ್ಲಗ್ ಪದೇ ಪದೇ ಕಪ್ಪಾಗುತ್ತಿದ್ದರೆ ತೊಂದರೆ ಎಲ್ಲಿರುತ್ತದೆ?

ನಿಮ್ಮದು ನಾಲ್ಕು ಸಿಲಿಂಡರ್, ಒಂದೇ ಕಾರ್ಬ್ಯುರೇಟರ್, ಪಾಯಿಂಟ್ ಇಗ್ನಿಷನ್ (ತೆರೆದು ಮುಚ್ಚುವ ಲೋಹದ ಸಂಪರ್ಕಗಳಿಂದ ಕಿಡಿ ಹುಟ್ಟಿಸುವ ಹಳೆಯ ವ್ಯವಸ್ಥೆ) ಇರುವ ಹಳೆಯ ಗಾಡಿ. ಮೂರನೇ ಪ್ಲಗ್ ಮಾತ್ರ ಕಪ್ಪಾಗುತ್ತದೆ. ಹೊಸದು ಹಾಕಿದರೆ ಕೆಲವು ದಿನ ಸರಿಯಾಗಿ ಓಡಿ, ಆಮೇಲೆ ಐಡ್ಲಿಂಗ್‌ನಲ್ಲಿ ಮತ್ತೆ ಮಿಸ್ಸಿಂಗ್ (ಒಂದು ಸಿಲಿಂಡರ್ ಉರಿಯದೆ ಎಂಜಿನ್ ತಡವರಿಸುವುದು) ಶುರುವಾಗುತ್ತದೆ. ಕಾರ್ಬ್ಯುರೇಟರ್ ಬಿಚ್ಚಿಸಿ ಓವರ್‌ಹಾಲ್ ಮಾಡಿಸಬೇಕೇ ಎಂದು ಕೇಳಿದ್ದೀರಿ.

ದಯವಿಟ್ಟು ಈಗಲೇ ಕಾರ್ಬ್ಯುರೇಟರ್ ಮುಟ್ಟಬೇಡಿ. ನಾಲ್ಕೂ ಸಿಲಿಂಡರ್‌ಗೆ ಪೆಟ್ರೋಲ್ ಕೊಡುವುದು ಅದೊಂದೇ. ಚೋಕ್ ಸಿಕ್ಕಿಕೊಂಡಿದ್ದರೆ, ಫ್ಲೋಟ್‌ನ ನೀಡಲ್ ವಾಲ್ವ್ ಸೋರುತ್ತಿದ್ದರೆ, ಮಿಕ್ಸ್ಚರ್ ರಿಚ್ ಆಗಿದ್ದರೆ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚಾಗಿದ್ದರೆ) ನಾಲ್ಕೂ ಪ್ಲಗ್‌ಗಳಿಗೆ ಮಸಿ ಹಿಡಿಯುತ್ತಿತ್ತು. ಒಂದಕ್ಕೆ ಮಾತ್ರ ಹಿಡಿಯುತ್ತಿದೆ ಎಂದರೆ ದೋಷ ಆ ಒಂದು ಸಿಲಿಂಡರ್‌ನಲ್ಲಿದೆ, ಇಲ್ಲವೇ ಅದಕ್ಕೆ ಹೋಗುವ ಕಿಡಿಯ ದಾರಿಯಲ್ಲಿದೆ. (ಎರಡು ಕಾರ್ಬ್ಯುರೇಟರ್ ಇರುವ ಗಾಡಿಗಳಲ್ಲಿ ಜೋಡಿ ಪ್ಲಗ್‌ಗಳು ಒಟ್ಟಿಗೆ ಕಪ್ಪಾದರೆ ಮಾತು ಬೇರೆ.) ಪ್ಲಗ್ ಕಪ್ಪಾಗುವುದು ರೋಗವಲ್ಲ, ಲಕ್ಷಣ. ಹೊಸ ಪ್ಲಗ್ ಕೆಲವು ದಿನಗಳ ಮಟ್ಟಿಗೆ ಅದನ್ನು ಮರೆಮಾಡುತ್ತದೆ, ಅಷ್ಟೆ.

ಮೊದಲು ಆ ಕಪ್ಪು ಎಂಥದ್ದು ಎಂದು ನೋಡಿ. ಐಡ್ಲಿಂಗ್‌ನಲ್ಲಿ ಬಹಳ ಹೊತ್ತು ಬಿಟ್ಟ ಎಂಜಿನ್‌ನ ಪ್ಲಗ್ ನೋಡಿ ತೀರ್ಮಾನ ಮಾಡಬೇಡಿ. ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿ, ವೇಗದಲ್ಲಿರುವಾಗಲೇ ಸುರಕ್ಷಿತವಾದ ಕಡೆ ಕ್ಲಚ್ ಒತ್ತಿ, ಇಗ್ನಿಷನ್ ಆಫ್ ಮಾಡಿ ನಿಲ್ಲಿಸಿ. ಕೀಲಿ ಮಾತ್ರ ಹೊರಗೆ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆದೀತು. ಎಂಜಿನ್ ಆರಿದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿ, ಸಿಲಿಂಡರ್ ಕ್ರಮದಲ್ಲೇ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡಿ. ಆರೋಗ್ಯವಾದ ಪ್ಲಗ್‌ನ ಪಿಂಗಾಣಿ ತುದಿ ತೆಳು ಕಂದು ಅಥವಾ ಬೂದು ಬಣ್ಣದಲ್ಲಿರುತ್ತದೆ. ಮೂರನೆಯದನ್ನು ಬೆರಳಿನಿಂದ ಒರೆಸಿ. ಒಣಗಿದ, ನುಣುಪಾದ ಮಸಿ ಬಂದರೆ ಅದು ಸರಿಯಾಗಿ ಉರಿಯದ ಪೆಟ್ರೋಲಿನದು. ಒದ್ದೆಯಾಗಿ, ಜಿಡ್ಡಾಗಿ, ಹೊಳೆಯುತ್ತಿದ್ದರೆ ಅದು ಎಂಜಿನ್ ಆಯಿಲ್. ಒದ್ದೆಯಿದ್ದೂ ಜಿಡ್ಡಿಲ್ಲದೆ ಪೆಟ್ರೋಲ್ ವಾಸನೆ ಹೊಡೆದರೆ ಅಲ್ಲಿ ಕಿಡಿಯೇ ಹತ್ತುತ್ತಿಲ್ಲ.

ಒಣ ಮಸಿ ಅಥವಾ ಪೆಟ್ರೋಲ್ ಒದ್ದೆ ಇದ್ದರೆ ಇಗ್ನಿಷನ್ ಕಡೆಯಿಂದ ಶುರು ಮಾಡಿ. ದುಡ್ಡು ಖರ್ಚಿಲ್ಲದ ಪರೀಕ್ಷೆ ಎಂದರೆ ಅದಲು ಬದಲು. ಮೂರನೇ ಪ್ಲಗ್ ಎರಡಕ್ಕೆ, ಎರಡರದು ಮೂರಕ್ಕೆ ಹಾಕಿ ಓಡಿಸಿ. ಮಿಸ್ಸಿಂಗ್ ಎರಡಕ್ಕೆ ಹೋದರೆ ಪ್ಲಗ್ಗೇ ಕೆಟ್ಟಿದೆ, ಪಿಂಗಾಣಿಯಲ್ಲಿ ಕಣ್ಣಿಗೆ ಕಾಣದ ಸೀಳು ಇರಬಹುದು. ಮೂರರಲ್ಲೇ ಉಳಿದರೆ, ಉದ್ದ ಸಾಲುವುದಾದಲ್ಲಿ, ಪ್ಲಗ್ ವೈರ್‌ಗಳನ್ನೂ ಹೀಗೇ ಬದಲಿಸಿ. ಆದರೆ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಒಂದಾದ ಮೇಲೊಂದು ಉರಿಯುವ ಕ್ರಮ) ತಪ್ಪಬಾರದು. ಕಿಡಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್‌ನಲ್ಲಿ ಮೂರನೇ ಸಿಲಿಂಡರ್‌ಗೆ ಸೇರಿದ ತೂತಿನಿಂದ ಮೂರನೇ ಪ್ಲಗ್‌ಗೇ ಹೋಗಬೇಕು, ನಡುವಿನ ವೈರ್ ಮಾತ್ರ ಬೇರೆಯಾಗಿರಬೇಕು. ಮಲ್ಟಿಮೀಟರ್ ಇದ್ದರೆ ನಾಲ್ಕೂ ವೈರ್‌ಗಳ ರೆಸಿಸ್ಟೆನ್ಸ್ ಅಳೆದು ಹೋಲಿಸಿ. ಒಂದು ಮಾತ್ರ ಬಹಳ ಹೆಚ್ಚು ತೋರಿಸಿದರೆ ಕಳ್ಳ ಸಿಕ್ಕ ಹಾಗೆ.

ಪ್ಲಗ್ ಹೊರಗೆ ತೆಗೆದು, ಎಂಜಿನ್ನಿಗೆ ತಾಗಿಸಿ, ಕಿಡಿ ಬರುತ್ತಿದೆಯಲ್ಲ ಎಂದು ಸಮಾಧಾನಪಡುವವರು ಬಹಳ ಮಂದಿ. ಅದು ಸಾಲದು. ಹೊರಗಿನ ಗಾಳಿಯಲ್ಲಿ ಹಾರುವ ಕಿಡಿ, ಸಿಲಿಂಡರ್‌ನೊಳಗಿನ ಒತ್ತಡದಲ್ಲಿ ಹಾರಬೇಕಾದರೆ ಅದಕ್ಕಿಂತ ಬಹಳ ಹೆಚ್ಚು ವೋಲ್ಟೇಜ್ ಬೇಕು. ಬಲಹೀನ ಕಿಡಿ ಹೊರಗೆ ಹಾರಿ ಒಳಗೆ ಸೋಲುತ್ತದೆ. ಈ ಪರೀಕ್ಷೆ ಮಾಡುವುದೇ ಆದರೆ ಪ್ಲಗ್ ತೂತಿನ ಹತ್ತಿರ ಮಾಡಬೇಡಿ, ಅಲ್ಲಿಂದ ಬರುವ ಪೆಟ್ರೋಲ್ ಆವಿ ಹೊತ್ತಿಕೊಳ್ಳುತ್ತದೆ.

ಕ್ಯಾಪ್ ಬಿಚ್ಚಿ ಒಳಗೆ ಒಳ್ಳೆಯ ಬೆಳಕಿನಲ್ಲಿ ನೋಡಿ. ಮೂರನೇ ಸಿಲಿಂಡರ್‌ನ ಟರ್ಮಿನಲ್‌ನಿಂದ ಕೂದಲೆಳೆಯಂಥ ಕಪ್ಪು ಗೆರೆ ಹೊರಟಿದ್ದರೆ ಕರೆಂಟು ಆ ದಾರಿ ಹಿಡಿದು ಸೋರುತ್ತಿದೆ. ಒರೆಸಿದರೆ ಹೋಗುವುದಿಲ್ಲ, ಕ್ಯಾಪ್ ಬದಲಿಸಲೇಬೇಕು. ಕ್ಯಾಪ್ ಒಳಗೆ ತಿರುಗುವ ರೋಟರ್ ಹಿಡಿದು ಡಿಸ್ಟ್ರಿಬ್ಯೂಟರ್ ಶಾಫ್ಟನ್ನು ಅತ್ತಿತ್ತ ಅಲ್ಲಾಡಿಸಿ ನೋಡಿ. ಬುಷ್ ಸವೆದು ಆಟ ಬಂದಿದ್ದರೆ ಪಾಯಿಂಟ್ ಗ್ಯಾಪ್ ಒಂದೊಂದು ಸಿಲಿಂಡರ್‌ಗೆ ಒಂದೊಂದು ರೀತಿ ಆಗುತ್ತದೆ, ಎಷ್ಟು ಸಲ ಸೆಟ್ ಮಾಡಿದರೂ ನಿಲ್ಲುವುದಿಲ್ಲ. ಕಾಯಿಲ್, ಕಂಡೆನ್ಸರ್ ಕೆಟ್ಟರೆ ನಾಲ್ಕಕ್ಕೂ ತೊಂದರೆ ಬರುತ್ತದೆ, ಆದ್ದರಿಂದ ನಿಮ್ಮ ಗಾಡಿಯಲ್ಲಿ ಅವುಗಳ ಮೇಲೆ ನನಗೆ ಅನುಮಾನ ಕಡಿಮೆ.

ಇಷ್ಟಕ್ಕೂ ಮಿಸ್ಸಿಂಗ್ ಮೂರರಲ್ಲೇ ಉಳಿದರೆ, ಅಥವಾ ಪ್ಲಗ್ ಮೊದಲೇ ಆಯಿಲ್‌ನಿಂದ ಒದ್ದೆಯಾಗಿದ್ದರೆ, ಕಂಪ್ರೆಷನ್ ಟೆಸ್ಟ್ (ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹುಟ್ಟಿಸುತ್ತದೆ ಎಂದು ಅಳೆಯುವುದು) ಮಾಡಿಸಿ. ಎಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ಹೊರಗಿರಬೇಕು, ಕಾಯಿಲ್‌ಗೆ ಹೋಗುವ ಸಣ್ಣ ವೈರ್ ಬಿಚ್ಚಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿ ಸ್ಟಾರ್ಟರ್ ತಿರುಗಿಸಬೇಕು. ಅಂಕಿಗಿಂತ ನಾಲ್ಕರ ನಡುವಿನ ವ್ಯತ್ಯಾಸ ಮುಖ್ಯ. ಮೂರನೆಯದು ತೀರಾ ಕಡಿಮೆ ಬಂದರೆ ಅದರೊಳಗೆ ಒಂದು ಟೀ ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಹೆಡ್ ಬಿಚ್ಚುವ ಮುಂಚೆ ಟ್ಯಾಪೆಟ್ ಗ್ಯಾಪ್ (ವಾಲ್ವ್ ಪೂರ್ತಿ ಮುಚ್ಚಲು ಬಿಡುವ ಸಣ್ಣ ಸಂದು) ಒಮ್ಮೆ ನೋಡಿ, ಅದು ಬಿಗಿಯಾಗಿದ್ದರೂ ಹೀಗೇ ಆಗುತ್ತದೆ. ಅಕ್ಕಪಕ್ಕದ ಎರಡೂ ಕಡಿಮೆ ಬಂದರೆ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು. ಕಂಪ್ರೆಷನ್ ಚೆನ್ನಾಗಿದ್ದೂ ಪ್ಲಗ್ ಜಿಡ್ಡಾಗುತ್ತಿದ್ದರೆ ವಾಲ್ವ್ ಗೈಡ್ ಅಥವಾ ಅದರ ಸೀಲ್ ನೋಡಿ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದು, ಮತ್ತೆ ಒತ್ತಿದೊಡನೆ ನೀಲಿ ಹೊಗೆ ಬಂದರೆ ಅದೇ ಎನ್ನಬಹುದು.

ರಿಂಗ್ ಕೆಲಸ ಮುಂದೂಡಲೇಬೇಕಾದರೆ ಆ ಒಂದು ಸಿಲಿಂಡರ್‌ಗೆ ಮಾತ್ರ ಒಂದು ಮೆಟ್ಟಿಲು ಬಿಸಿಯಾದ (ತುದಿಯಲ್ಲಿ ಹೆಚ್ಚು ಬಿಸಿ ಉಳಿಸಿಕೊಳ್ಳುವ) ಪ್ಲಗ್ ಹಾಕಬಹುದು. ಪ್ಲಗ್ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಎನ್‌ಜಿಕೆ ಕಂಪನಿಯ ಪ್ಲಗ್‌ನಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ಪ್ಲಗ್ ಬಿಸಿ, ಬಾಷ್‌ನಲ್ಲಿ ಸಂಖ್ಯೆ ಹೆಚ್ಚಾದಷ್ಟೂ ಬಿಸಿ. ಆದ್ದರಿಂದ ಎನ್‌ಜಿಕೆಯ ಬಿಪಿ6ಇಎಸ್ ಇದ್ದಲ್ಲಿ ಬಿಪಿ5ಇಎಸ್ ಹಾಕಬೇಕು. ಹಾಕಿದ ಮೇಲೆ ಒಂದು ದೂರದ ಓಟ ಮುಗಿಸಿ ಅದನ್ನು ಬಿಚ್ಚಿ ನೋಡಿ. ಪಿಂಗಾಣಿ ಸುಣ್ಣದಂತೆ ಬೆಳ್ಳಗಾಗಿದ್ದರೆ ಅಥವಾ ಗುಳ್ಳೆ ಎದ್ದಿದ್ದರೆ ಕೂಡಲೇ ಹಳೆಯ ನಂಬರಿಗೇ ಹಿಂತಿರುಗಿ, ಇಲ್ಲದಿದ್ದರೆ ಪಿಸ್ಟನ್ ಸುಟ್ಟುಹೋಗಬಹುದು.