ಫ್ಲೂ ಲಸಿಕೆಯ ನಂತರ ಭುಜ ಏಳುತ್ತಿಲ್ಲ: ಅಮೆರಿಕದಲ್ಲಿ ಪರಿಹಾರ ಕೇಳಬಹುದೇ?

ಟೆಕ್ಸಾಸ್‌ನ ಫಾರ್ಮಸಿಯೊಂದರಲ್ಲಿ ಫ್ಲೂ ಲಸಿಕೆ ಹಾಕಿಸಿಕೊಂಡು ಹದಿನಾಲ್ಕು ತಿಂಗಳಾದರೂ ಎಡಭುಜದ ನೋವು ಹೋಗಿಲ್ಲ, ಎಚ್-1ಬಿ ವೀಸಾದಲ್ಲಿರುವ ನಾನು ಆ ಫಾರ್ಮಸಿಯ ಮೇಲೆ ದಾವೆ ಹೂಡಬಹುದೇ ಎಂದು ಕೇಳಿದ್ದೀರಿ.

ಫಾರ್ಮಸಿಯ ಮೇಲೆ ನೇರವಾಗಿ ಹೋಗುವಂತಿಲ್ಲ. ಪರಿಹಾರಕ್ಕೆ ಬೇರೆ ದಾರಿಯಿದೆ, ಅದಕ್ಕೆ ಪೌರತ್ವ ಬೇಕಿಲ್ಲ. ನಾನು ವಕೀಲೆಯಲ್ಲ, ಆ ದಾರಿಯಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ನಡೆದವಳು, ಅಷ್ಟೇ.

1986ರ ಕಾಯ್ದೆಯೊಂದರ ಪ್ರಕಾರ 1988ರಿಂದ ಅಲ್ಲಿ ರಾಷ್ಟ್ರೀಯ ಲಸಿಕೆ ಹಾನಿ ಪರಿಹಾರ ಯೋಜನೆ ನಡೆಯುತ್ತಿದೆ. ಫ್ಲೂ ಲಸಿಕೆಯ ಪ್ರತಿ ಡೋಸಿಗೆ 75 ಸೆಂಟ್ ತೆರಿಗೆಯಿದ್ದು, ಅದರಿಂದ ಕಟ್ಟಿದ ನಿಧಿಯೇ ಹಣ ಕೊಡುತ್ತದೆ. ಅರ್ಜಿಯಲ್ಲಿ ಪ್ರತಿವಾದಿ ಫಾರ್ಮಸಿಯಲ್ಲ, ಆರೋಗ್ಯ ಇಲಾಖೆಯ ಕಾರ್ಯದರ್ಶಿ. ವಾಷಿಂಗ್ಟನ್ನಿನ ಫೆಡರಲ್ ಕ್ಲೇಮ್ಸ್ ಕೋರ್ಟಿನಲ್ಲಿ ಸ್ಪೆಷಲ್ ಮಾಸ್ಟರ್ ಎಂಬ ನ್ಯಾಯಾಧಿಕಾರಿ ವಿಚಾರಿಸುತ್ತಾರೆ. ಲಸಿಕೆ ಚುಚ್ಚುವಾಗ ಆಗುವ ಭುಜದ ಗಾಯ ಈ ಯೋಜನೆಯ ಹಾನಿಗಳ ಅಧಿಕೃತ ಪಟ್ಟಿಗೆ ಸೇರಿದ್ದು 2017ರಲ್ಲಿ. ವಕೀಲರ ಬಾಯಲ್ಲಿ ಅದು 'ಸಿರ್ವಾ'.

ಲಸಿಕೆಯ ಮದ್ದು ಕೆಟ್ಟದ್ದು ಎಂದು ಇಲ್ಲಿ ಯಾರೂ ವಾದಿಸುವುದಿಲ್ಲ. ಸೂಜಿ ಬಿದ್ದ ಜಾಗದ್ದೇ ತಕರಾರು. ಫ್ಲೂ ಲಸಿಕೆ ಹಾಕಿಸಿಕೊಂಡ ದಿನ ನಾನು ಬಿಗಿ ತೋಳಿನ ಸ್ವೆಟರ್ ಹಾಕಿದ್ದೆ. ತೋಳು ಮೇಲೇರದ್ದರಿಂದ ಕೊರಳಪಟ್ಟಿಯನ್ನೇ ಕೆಳಗೆಳೆದು ಭುಜದ ತುದಿ ತೋರಿಸಿದೆ. ನಾನು ಕುಳಿತಿದ್ದೆ, ಚುಚ್ಚಿದವರು ನಿಂತಿದ್ದರು. ಭುಜದ ಮೂಳೆಯ ತುದಿಯಿಂದ ಎರಡು ಮೂರು ಬೆರಳಗಲ ಕೆಳಗೆ, ಮಾಂಸದೊಳಗೆ ಹೋಗಬೇಕಾದ ಸೂಜಿ ತೀರಾ ಮೇಲೆ ಬಿತ್ತು. ಅಲ್ಲಿ ಕೀಲಿಗೆ ಮೆತ್ತೆಯಂತಿರುವ ಬರ್ಸಾ ಎಂಬ ತೆಳು ಚೀಲವಿದೆ. ಮದ್ದು ಅದರೊಳಗಿಳಿದರೆ ಉರಿಯೂತ ಏಳುತ್ತದೆ. ಆ ರಾತ್ರಿಯೇ ತುರುಬು ಕಟ್ಟಲು ಕೈ ಹಿಂದೆ ಹೋಗಲಿಲ್ಲ. ಕಾರಿನಲ್ಲಿ ಸೀಟ್ ಬೆಲ್ಟನ್ನು ಬಲಗೈಯಿಂದ ಎಳೆದುಕೊಳ್ಳುವುದು ರೂಢಿಯಾಯಿತು.

ನಿಯಮ ಹೇಳಿದರೆ ಸರಳ. ಆ ಭುಜದಲ್ಲಿ ಮೊದಲು ನೋವಿರಬಾರದು. ಲಸಿಕೆಯಾದ 48 ಗಂಟೆಯೊಳಗೆ ನೋವು ಶುರುವಾಗಿರಬೇಕು. ನೋವೂ ಬಿಗಿತವೂ ಆ ಭುಜಕ್ಕೇ ಸೀಮಿತವಾಗಿರಬೇಕು. ಬೇರೆ ಕಾಯಿಲೆ ಕಾರಣವಾಗಿರಬಾರದು. ಸಾಮಾನ್ಯವಾಗಿ ತೊಂದರೆ ಆರು ತಿಂಗಳಿಗೂ ಹೆಚ್ಚು ಕಾಲ ಉಳಿದಿರಬೇಕು.

ನಾನು ಎಡವಿದ್ದು ಆ 48 ಗಂಟೆಯಲ್ಲಿ. ಇವತ್ತು ಹೋದೀತು, ನಾಳೆ ಹೋದೀತು ಎಂದು ಅಮೃತಾಂಜನ ತಿಕ್ಕಿಕೊಂಡು ಏಳು ವಾರ ಕಳೆದೆ. ಕೊನೆಗೆ ಡಾಕ್ಟರ ಬಳಿ ಹೋದಾಗ ಅವರು ಬರೆದುಕೊಂಡದ್ದು, "ಸುಮಾರು ಒಂದು ತಿಂಗಳಿನಿಂದ ಭುಜನೋವು." ಲಸಿಕೆಯ ಮಾತೇ ಇಲ್ಲ! ಹಾಗಾದರೆ ಮೊದಲ ಮೂರು ವಾರ ನೋವಿರಲಿಲ್ಲವೇ ಎಂದು ಸರ್ಕಾರಿ ವಕೀಲರು ಕೇಳಿದರು, ಕೇಳುವುದು ನ್ಯಾಯವೇ. ಸಾಲದ್ದಕ್ಕೆ ಫಾರ್ಮಸಿಯ ದಾಖಲೆಯಲ್ಲಿ ಬಲಗೈ ಎಂದಿತ್ತು.

ನನ್ನನ್ನು ಉಳಿಸಿದ್ದು ಅಮ್ಮ. ಲಸಿಕೆಯ ಮರುದಿನ ಬೆಳಿಗ್ಗೆ ಮೈಸೂರಿಗೆ ವಾಟ್ಸ್‌ಆ್ಯಪ್‌ನಲ್ಲಿ ಬರೆದಿದ್ದೆ: "ನಿನ್ನೆ ಸೂಜಿ ಹಾಕಿಸಿಕೊಂಡ ಎಡಗೈ ಎತ್ತಲು ಆಗುತ್ತಿಲ್ಲ." ಅಮ್ಮನ ಉತ್ತರ: "ಎಳ್ಳೆಣ್ಣೆ ಬೆಚ್ಚಗೆ ಮಾಡಿ ಹಚ್ಚು, ಹಟ ಮಾಡಬೇಡ." ಎರಡೂ ಸಾಲು ಇಂಗ್ಲಿಷಿಗೆ ಅನುವಾದವಾಗಿ, ಪತಿಯ ಅಫಿಡವಿಟ್‌ನೊಂದಿಗೆ ಕೋರ್ಟಿಗೆ ಹೋದವು. ದಾಖಲೆಯಲ್ಲಿ ತಪ್ಪಾಗಿ ಬರೆದಿದ್ದರೂ ನೋವು ಸಕಾಲದಲ್ಲೇ ಶುರುವಾಯಿತೆಂದು ಸ್ಪೆಷಲ್ ಮಾಸ್ಟರ್ ತೀರ್ಮಾನಿಸಲು ಕಾಯ್ದೆಯಲ್ಲೇ ಅವಕಾಶವಿದೆ. ನನ್ನ ವಿಷಯದಲ್ಲಿ ಹಾಗೇ ಆಯಿತು. ಆದ್ದರಿಂದ ನಿಮ್ಮ ಹಳೆಯ ಸಂದೇಶಗಳನ್ನು ಅಳಿಸಬೇಡಿ. ಮುಂದಿನ ಸಲ ಡಾಕ್ಟರ ಬಳಿ ಹೋದಾಗ ಲಸಿಕೆಯ ದಿನಾಂಕವನ್ನೂ ಯಾವ ಕೈ ಎಂಬುದನ್ನೂ ಹೇಳಿ, ಬರೆದುಕೊಂಡರೇ ಎಂದು ನೋಡಿ.

ಹಣದ ವಿಷಯ. ನೋವು ಸಂಕಟಕ್ಕೆ ಗರಿಷ್ಠ 2,50,000 ಡಾಲರ್. ವಿಮೆ ಭರಿಸದ ಚಿಕಿತ್ಸೆಯ ಖರ್ಚು, ಕಳೆದುಕೊಂಡ ಸಂಬಳ ಬೇರೆ. ನನಗೆ ಸಿಕ್ಕಿದ್ದು ಎಷ್ಟೆಂದು ಬರೆಯುವುದಿಲ್ಲ, ಗರಿಷ್ಠದ ಹತ್ತಿರಕ್ಕೂ ಹೋಗಲಿಲ್ಲ. ವಕೀಲರ ಶುಲ್ಕವನ್ನು ಯೋಜನೆಯೇ ಪ್ರತ್ಯೇಕವಾಗಿ ಕೊಡುತ್ತದೆ. ಪ್ರಾಮಾಣಿಕವಾಗಿ, ತಕ್ಕ ಆಧಾರದ ಮೇಲೆ ಹಾಕಿದ ಅರ್ಜಿಯಾದರೆ ಸೋತರೂ ಕೊಡಬಹುದು. ಬಂದದ್ದರಲ್ಲಿ ಮೂರನೇ ಒಂದು ಪಾಲು ಕೊಡಿ ಎನ್ನುವ ವಕೀಲರು ಸಿಕ್ಕರೆ ಎದ್ದು ಬನ್ನಿ.

ಮೊದಲ ಲಕ್ಷಣ ಕಂಡ ದಿನದಿಂದ ಮೂರು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು, ನಿಮಗೆ ಸಮಯವಿದೆ. ಆದರೆ ಅಂದು ಅದೇ ಕೈಗೆ ಕೋವಿಡ್ ಲಸಿಕೆಯನ್ನೂ ಹಾಕಿಸಿಕೊಂಡಿದ್ದಿರಾ? ಕೋವಿಡ್‌ನದು ಬೇರೆಯೇ ಯೋಜನೆ: ಗಡುವು ಒಂದೇ ವರ್ಷ, ನೋವಿಗೆ ಬಿಡಿಗಾಸಿಲ್ಲ, ವಕೀಲರ ಶುಲ್ಕವೂ ಇಲ್ಲ. ಯಾವ ಸೂಜಿಯಿಂದ ಭುಜ ಕೆಟ್ಟಿತು ಎಂಬ ಪ್ರಶ್ನೆ ಬಂದೇ ಬರುತ್ತದೆ, ಇದನ್ನು ವಕೀಲರಿಗೆ ಮೊದಲ ದಿನವೇ ತಿಳಿಸಿ.

ಇನ್ನೊಂದು ಮಾತು. ತೀರ್ಪು ಕೋರ್ಟಿನ ಜಾಲತಾಣದಲ್ಲಿ ಪ್ರಕಟವಾಗುತ್ತದೆ. ಖಾಸಗಿ ವೈದ್ಯಕೀಯ ವಿವರಗಳನ್ನು ಮರೆಮಾಡಿ ಎಂದು ಕೋರಲು 14 ದಿನ ಮಾತ್ರ ಇರುತ್ತದೆ. ನಾನು ಆ ಸಂಭ್ರಮದಲ್ಲಿ ಮರೆತೆ. ನನ್ನ ಎಡಗೈ ಎಷ್ಟು ಡಿಗ್ರಿ ಏಳುತ್ತಿತ್ತು ಎಂಬುದನ್ನು ಈಗ ಯಾರು ಬೇಕಾದರೂ ಓದಬಹುದು, ಎಳ್ಳೆಣ್ಣೆಯ ಸಮೇತ.