ಕ್ಯಾಂಪ್ ಸಾಕು, ಪಂದ್ಯ ಎಲ್ಲಿವೆ?

(2025ರ ಅಕ್ಟೋಬರ್ ಪಂದ್ಯಗಳಿಗೆ ಮುಂಚೆ ಬರೆದದ್ದು.) ಈ ಸಲ ಬಂದ ಓದುಗರ ಪತ್ರಗಳಲ್ಲಿ ಫುಟ್‌ಬಾಲ್‌ದೇ ಜಾಸ್ತಿ. ಆಗಸ್ಟ್ 1ರಂದು ಖಾಲಿದ್ ಜಮೀಲ್ ಭಾರತ ತಂಡದ ಕೋಚ್ ಆದರು. ಈಗ ಅಕ್ಟೋಬರ್ 9 ಮತ್ತು 14ರಂದು ಸಿಂಗಾಪುರದ ಜೊತೆ ಏಷ್ಯಾ ಕಪ್ ಅರ್ಹತೆಯ ಎರಡು ಪಂದ್ಯಗಳಿವೆ. ಎಲ್ಲರ ಪ್ರಶ್ನೆಯೂ ಅದರ ಸುತ್ತಲೇ.

ಪ್ರಶ್ನೆ: ಸರ್, ಸೆಪ್ಟೆಂಬರ್ 20ರಿಂದಲೇ ಬೆಂಗಳೂರಿನಲ್ಲಿ ಕ್ಯಾಂಪ್ ಅಂದರು. ಆದರೆ ಕ್ಲಬ್‌ಗಳು ಆಟಗಾರರನ್ನೇ ಬಿಡುತ್ತಿಲ್ಲ. ಅರ್ಧ ತಂಡ ಇಟ್ಟುಕೊಂಡು ಎಂಥ ತಯಾರಿ?
– ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ನಿಮ್ಮ ಸಿಟ್ಟು ನನಗೂ ಇದೆ. ಆದರೆ ನಿಯಮ ಕ್ಲಬ್‌ಗಳ ಕಡೆಗಿದೆ. ದೇಶದ ತಂಡಕ್ಕೆ ಆಟಗಾರರನ್ನು ಬಿಡಲೇಬೇಕು ಅಂತ ಫಿಫಾ ಗೊತ್ತು ಮಾಡಿರುವ ದಿನಗಳು ಈ ಸಲ ಅಕ್ಟೋಬರ್ 6ರಿಂದ 14. ಅದಕ್ಕೆ ಮುಂಚೆ ಕಳಿಸುವುದು, ಕಳಿಸದಿರುವುದು ಅವರ ಇಷ್ಟ. ಆಗಸ್ಟ್‌ನಲ್ಲಿ ಮೋಹನ್ ಬಗಾನ್ ಇದೇ ಕಾರಣಕ್ಕೆ ಯಾರನ್ನೂ ಕಳಿಸಲಿಲ್ಲ. ಈಗಂತೂ ಅವರಿಗೂ ಗೋವಾಕ್ಕೂ ಏಷ್ಯಾ ಮಟ್ಟದ ಕ್ಲಬ್ ಟೂರ್ನಿ ಬೇರೆ ಇದೆ.

ನನ್ನ ಚಿಂತೆ ಕ್ಯಾಂಪ್ ಎಷ್ಟು ದಿನ ಅನ್ನುವುದಲ್ಲ. 2011ರ ಏಷ್ಯಾ ಕಪ್‌ಗೆ ಮುಂಚೆ ಆಗಿನ ಕೋಚ್ ಬಾಬ್ ಹೌಟನ್ ಆಟಗಾರರನ್ನು ತಿಂಗಳುಗಟ್ಟಲೆ ಕ್ಯಾಂಪ್‌ನಲ್ಲೇ ಇಟ್ಟುಕೊಂಡಿದ್ದರು. ದೋಹಾದಲ್ಲಿ ಏನಾಯಿತು? ಆಸ್ಟ್ರೇಲಿಯಾ 4-0, ಬಹ್ರೇನ್ 5-2, ದಕ್ಷಿಣ ಕೊರಿಯಾ 4-1. ಮೂರಕ್ಕೆ ಮೂರೂ ಸೋಲು.

ನಮ್ಮ ಕಡೆ ಜಾತ್ರೆ ಕುಸ್ತಿ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಗರಡಿ ಮನೆಯಲ್ಲಿ ದಿನಾ ಸಾವಿರ ಬೈಠಕ್ ಹೊಡೆದರೂ, ಆರು ತಿಂಗಳು ಕಣಕ್ಕೇ ಇಳಿಯದ ಪೈಲ್ವಾನ ಮೊದಲ ಪಟ್ಟಿಗೇ ಏದುಸಿರು ಬಿಡುತ್ತಾನೆ. ಈಗ ನಮ್ಮ ಆಟಗಾರರದ್ದು ಅದೇ ಸ್ಥಿತಿ. ಭಾರತದ ಫುಟ್‌ಬಾಲ್ ಫೆಡರೇಶನ್‌ಗೂ ದೇಶದ ದೊಡ್ಡ ಲೀಗ್ ಐಎಸ್‌ಎಲ್ ನಡೆಸುವ ಕಂಪನಿಗೂ ಇರುವ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯುತ್ತದೆ. ಹೊಸದು ಆಗಿಲ್ಲ ಅಂತ ಜುಲೈ 11ರಂದೇ ಲೀಗ್ ನಿಲ್ಲಿಸಿದರು. ಇಷ್ಟು ಹೊತ್ತಿಗೆ ವಾರ ವಾರ ತೊಂಬತ್ತು ನಿಮಿಷ ಆಡುತ್ತಿರಬೇಕಾದ ಹುಡುಗರು ಮನೆಯಲ್ಲಿ ಕೂತಿದ್ದಾರೆ. ಓಟ, ವ್ಯಾಯಾಮ ಎಲ್ಲಾ ಕ್ಯಾಂಪ್‌ನಲ್ಲಿ ಮಾಡಿಸಬಹುದು, ಆದರೆ 75ನೇ ನಿಮಿಷದಲ್ಲಿ ಕಾಲು ಸೋತಾಗ ತಲೆ ಓಡಿಸುವುದನ್ನು ಪಂದ್ಯ ಮಾತ್ರ ಕಲಿಸುತ್ತದೆ. ಅದನ್ನು ಯಾವ ಕೋಚ್ ತಂದುಕೊಡಬೇಕು ಹೇಳಿ?

ಪ್ರಶ್ನೆ: ಜಮೀಲ್ ಬಂದ ಮೇಲೆ ಬರೀ ಡಿಫೆನ್ಸ್, ಇಲ್ಲಾ ಲಾಂಗ್ ಥ್ರೋ. ಇದು ಹಳೇ ಕಾಲದ ಆಟ ಅಲ್ವಾ?
– ಹಾವೇರಿ

ಉತ್ತರ: ಹಳೇದು ಹೌದು, ಕೆಟ್ಟದ್ದಲ್ಲ. ಆಗಸ್ಟ್ 29ರಂದು ತಜಿಕಿಸ್ತಾನವನ್ನು ಅವರ ನೆಲದಲ್ಲೇ 2-1ರಿಂದ ಸೋಲಿಸಿದೆವಲ್ಲ, ಅವತ್ತಿನ ಮೊದಲ ಗೋಲು ನೆನಪು ಮಾಡಿಕೊಳ್ಳಿ. ಇನ್ನೂ ಐದನೇ ನಿಮಿಷ. ನಮ್ಮ ಡಿಫೆಂಡರ್ ಉವೈಸ್ ಪಕ್ಕದ ಗೆರೆಯಿಂದ ಕೈಯಲ್ಲಿ ಉದ್ದಕ್ಕೆ ಎಸೆದರು, ಅನ್ವರ್ ಅಲಿ ತಲೆ ಕೊಟ್ಟರು.

ಕಳೆದ ಭಾನುವಾರ ಬೆಳಿಗ್ಗೆ ಹುಬ್ಬಳ್ಳಿಯ ಒಂದು ಮೈದಾನದಲ್ಲಿ ಹುಡುಗರು ಇದನ್ನೇ ಮಾಡುತ್ತಿದ್ದರು. ಹಿಂದಿನ ರಾತ್ರಿ ಮಳೆಯಾಗಿತ್ತು. ಎರೆಮಣ್ಣು ಬೂಟಿಗೆ ಮೆತ್ತಿ ಒಂದೊಂದು ಕಾಲೂ ಎರಡು ಕೆಜಿ. ಹದಿನಾಲ್ಕರ ಒಬ್ಬ ಹುಡುಗ ಚೆಂಡನ್ನು ಅಂಗಿಯಿಂದ ಒರೆಸಿ, ನಾಲ್ಕು ಹೆಜ್ಜೆ ಓಡಿ ಬಂದು, ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ಎಸೆಯುತ್ತಿದ್ದ. ಪ್ರತಿ ಸಲ ಹಿಂದಿನ ಕಾಲು ನೆಲ ಬಿಡುತ್ತಿತ್ತು, ಅದು ತಪ್ಪು ಥ್ರೋ. ಮಾಸ್ತರ್ ಬಯ್ಯಲಿಲ್ಲ. ಅವನ ಬೂಟಿನ ಹಿಂದೆ ಕಡ್ಡಿಯಿಂದ ಗೆರೆ ಎಳೆದು, "ಕಾಲು ಎಳ್ಕೊಂಡು ಬಾ, ಎತ್ಬ್ಯಾಡ" ಅಂದರು. ಇಪ್ಪತ್ತು ಸಲ ಎಸೆಸಿದರು. ಕೊನೆಯ ಮೂರು ನೇರ ಗೋಲಿನ ಬಾಯಿಗೆ ಬಿದ್ದವು.

ಥ್ರೋನಲ್ಲಿ ಆಫ್‌ಸೈಡ್, ಅಂದರೆ ಎದುರಾಳಿ ಡಿಫೆಂಡರ್‌ಗಳನ್ನು ದಾಟಿ ನಿಲ್ಲಬಾರದು ಅನ್ನುವ ನಿಯಮ, ಇಲ್ಲ. ಎತ್ತರದ ಆಟಗಾರರನ್ನು ಗೋಲ್‌ಕೀಪರ್ ಮೂಗಿನ ಕೆಳಗೇ ನಿಲ್ಲಿಸಬಹುದು. ಚೆಂದದ ಪಾಸಿಂಗ್ ಕಲಿಸಲು ವರ್ಷ ಬೇಕು, ಇದಕ್ಕೆ ಹತ್ತು ದಿನ ಸಾಕು. ಕೈಯಲ್ಲಿ ಹತ್ತೇ ದಿನ ಇರುವ ಕೋಚ್ ಇದನ್ನು ಆರಿಸಿಕೊಂಡಿದ್ದು ಸರಿ ಅಂತಲೇ ನಾನು ಹೇಳುತ್ತೇನೆ.

ನನಗೆ ಅನುಮಾನ ಇರುವುದು ಬೇರೆ ಕಡೆ. ಇದೇ ತಂಡ ಅಫ್ಘಾನಿಸ್ತಾನದ ವಿರುದ್ಧ ಒಂದು ಗೋಲೂ ಹೊಡೆಯದೆ 0-0 ಮಾಡಿಕೊಂಡಿತು. ಎದುರಾಳಿ ಬಲವಾಗಿದ್ದರೆ ನಾವು ಹಿಂದೆ ನಿಂತು ಕಾಯಬಹುದು. ಎದುರಾಳಿಯೇ ಹಿಂದೆ ನಿಂತುಬಿಟ್ಟರೆ ನಡುವಿನಿಂದ ದಾರಿ ಮಾಡಿಕೊಳ್ಳುವವರು ಯಾರು? ಗೆಲ್ಲಲೇಬೇಕಾದ ಪಂದ್ಯಕ್ಕೆ ಈ ಯೋಜನೆಯಲ್ಲಿ ಉತ್ತರ ನನಗಿನ್ನೂ ಕಂಡಿಲ್ಲ.

ಪ್ರಶ್ನೆ: 41 ವರ್ಷದ ಛೆಟ್ರಿಯನ್ನು ಮತ್ತೆ ಕರೆದಿದ್ದಾರೆ. ಹುಡುಗರಿಗೆ ಅವಕಾಶ ಯಾವಾಗ?
– ಬೆಟಗೇರಿ, ಗದಗ

ಉತ್ತರ: ಕಳೆದ ಐಎಸ್‌ಎಲ್‌ನಲ್ಲಿ ಛೆಟ್ರಿ 14 ಗೋಲು ಹೊಡೆದರು. ಭಾರತದ ಯಾವ ಆಟಗಾರನೂ ಅಷ್ಟು ಹೊಡೆಯಲಿಲ್ಲ. ಅವರನ್ನು ದಾಟುವ ಹುಡುಗ ಬಂದ ದಿನ ನಾನೇ ಮೊದಲು ಚಪ್ಪಾಳೆ ತಟ್ಟುತ್ತೇನೆ.

ಪ್ರಶ್ನೆ: ವಿದೇಶಿ ಕೋಚ್‌ಗಳ ಕೈಯಲ್ಲೇ ಆಗದ್ದು ಇವರಿಂದ ಆಗುತ್ತಾ?
– ಧಾರವಾಡ

ಉತ್ತರ: ಹಿಂದಿನ ಕೋಚ್ ಮನೋಲೋ ಮಾರ್ಕೆಜ್ 8 ಪಂದ್ಯಗಳಲ್ಲಿ ಗೆದ್ದಿದ್ದು ಒಂದು. ಅದೂ ಮಾಲ್ಡೀವ್ಸ್ ವಿರುದ್ಧ. ಜಮೀಲ್ ಮಿಜೋರಾಂನ ಪುಟ್ಟ ತಂಡ ಐಜಾಲ್ ಎಫ್‌ಸಿಯನ್ನು 2017ರಲ್ಲಿ ಐ-ಲೀಗ್ ಚಾಂಪಿಯನ್ ಮಾಡಿದವರು. ಹಿಂದಿನ ವರ್ಷ ಆ ತಂಡ ಕೆಳಗಿನ ದರ್ಜೆಗೆ ಜಾರಿತ್ತು, ಕೆಲವು ಕ್ಲಬ್‌ಗಳು ಬಿಟ್ಟು ಹೋದದ್ದಕ್ಕೆ ಉಳಿದುಕೊಂಡಿತ್ತು, ಅಷ್ಟೆ. ಕಮ್ಮಿ ಸಾಮಾನಿನಲ್ಲಿ ಅಡುಗೆ ಮಾಡಿ ಗೊತ್ತಿರುವ ಮನುಷ್ಯ. ಸೆಪ್ಟೆಂಬರ್ 8ರಂದು ಒಮಾನ್ ಮೇಲೆ ಉದಾಂತ ಸಿಂಗ್ 80ನೇ ನಿಮಿಷದಲ್ಲಿ 1-1 ಮಾಡಿ, ಪೆನಾಲ್ಟಿಯಲ್ಲಿ 3-2ರಿಂದ ಗೆದ್ದಾಗ ನಾನು ಮನೆಯಲ್ಲಿ ಕೂಗಿದ್ದಕ್ಕೆ ಪಕ್ಕದ ಮನೆಯವರು ಬಾಗಿಲು ತೆಗೆದು ನೋಡಿದರು. ರ‍್ಯಾಂಕಿಂಗ್‌ನಲ್ಲಿ ಒಮಾನ್ ಆಗ 79, ನಾವು 133.

ಆದರೆ ಲೆಕ್ಕ ಕಷ್ಟವಿದೆ. ಗುಂಪಿನಲ್ಲಿ ಮೊದಲು ಬಂದ ಒಂದೇ ತಂಡ ಮುಂದೆ ಹೋಗುತ್ತದೆ. ಎರಡು ಪಂದ್ಯದಿಂದ ನಮಗೆ 1 ಅಂಕ, ಸಿಂಗಾಪುರ ಮತ್ತು ಹಾಂಗ್‌ಕಾಂಗ್‌ಗೆ ತಲಾ 4. ಸಿಂಗಾಪುರದ ಎದುರು ಎರಡೂ ಡ್ರಾ ಆದರೆ ಬಹುಪಾಲು ಕಥೆ ಮುಗೀತು. ಕೋಚ್‌ಗೆ ಸಮಯ ಕೊಡಿ ಅಂತ ನಾನು ಬರೆಯಬಹುದು, ವೇಳಾಪಟ್ಟಿ ಕೊಡುವುದಿಲ್ಲ.

ಪ್ರಶ್ನೆ: 14ನೇ ತಾರೀಖಿನ ಪಂದ್ಯ ಮಡಗಾಂವ್‌ನಲ್ಲಂತೆ. ನಾವು ನಾಲ್ಕು ಜನ ಗೆಳೆಯರು ಹೋಗಬೇಕು ಅಂತಿದ್ದೇವೆ. ಈ ತಂಡಕ್ಕೆ ಅಷ್ಟು ಖರ್ಚು ಮಾಡಬಹುದಾ?
– ರಾಣೆಬೆನ್ನೂರು

ಉತ್ತರ: ಹೋಗಿ. ಹುಬ್ಬಳ್ಳಿಗೆ ಬಂದು ಲೋಂಡಾ, ಕ್ಯಾಸಲ್‌ರಾಕ್ ಮೇಲಿನ ರೈಲು ಹಿಡಿಯಿರಿ, ಘಟ್ಟ ಇಳಿಯುವಾಗ ಕಿಟಕಿ ಪಕ್ಕ ಕೂರಿ. ಅವತ್ತು ಮಂಗಳವಾರ, ರಜೆ ಈಗಲೇ ಕೇಳಿಟ್ಟುಕೊಳ್ಳಿ. ನಾನೂ ಬರುತ್ತಿದ್ದೇನೆ.